ನೆತ್ತರು, ನೆಲ, ಕಲ್ಲು: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ವೀರಗಲ್ಲುಗಳು ಮತ್ತು ಮಾಯಾ, ಟಾಲ್ಟೆಕ್ ಶಿಲ್ಪಗಳು

ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯ ಕೆಲವು ವಿಗ್ರಹಗಳ ಕೈಯಲ್ಲಿ, ಸಾಲುಸಾಲಾಗಿ ಮಣಿ ಕೂರಿಸಿದಂಥ ಉದ್ದನೆಯ ಹಣ್ಣೊಂದಿದೆ. ಕಾರ್ಲ್ ಜೊಹಾನೆಸ್ಸೆನ್ ಮತ್ತು ಆ್ಯನ್ ಪಾರ್ಕರ್ 1989ರಲ್ಲಿ ಅಮೆರಿಕದ ಸಸ್ಯವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಅದು ಮುಸುಕಿನ ಜೋಳದ ತೆನೆಯೆಂದು ವಾದಿಸಿದರು. ಮಾಯಾ ಜನರ ಅನ್ನವಾದ ಆ ಬೆಳೆ ಕೊಲಂಬಸ್‌ಗೆ ಎರಡು ಶತಮಾನ ಮೊದಲೇ ಕಾವೇರಿ ತೀರಕ್ಕೆ ಬಂದಿತ್ತೆಂಬುದು ಅವರ ನಿಲುವು. ಭಾರತೀಯ ವಿಜ್ಞಾನಿಗಳಾದ ಪಯಾಕ್ ಮತ್ತು ಸಚಾನ್ 1993ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ಅದು ತೆನೆಯಲ್ಲ, ಮುತ್ತುಗಳಿಂದಾದ ಕಲ್ಪನೆಯ ಹಣ್ಣು, ಮುಕ್ತಾಫಲ. ಇಂದು ಚಾಮರಾಜನಗರ, ಗುಂಡ್ಲುಪೇಟೆಯ ಹೊಲಗಳಲ್ಲಿ ಮುಸುಕಿನ ಜೋಳ ತಲೆಯೆತ್ತರಕ್ಕೆ ಬೆಳೆದು ನಿಂತಿರುವುದನ್ನು ಕಂಡವರಿಗೆ ಜೊಹಾನೆಸ್ಸೆನ್ ಅವರ ಮಾತು ಆಕರ್ಷಕವಾಗಿ ಕಾಣಬಹುದು. ಆದರೆ ಆ ವಿಗ್ರಹ ಯಾರದು, ಅದರ ಉಳಿದ ಕೈಗಳಲ್ಲಿ ಏನಿದೆ, ಅಂಥ ಹಣ್ಣು ಬೇರೆ ಎಲ್ಲೆಲ್ಲಿ ಬಂದಿದೆ ಎಂದು ಕೇಳುತ್ತ ಹೋದರೆ ಆ ವಾದ ನಿಲ್ಲುವುದಿಲ್ಲ.

ಇಂಥ ಹೋಲಿಕೆಗಳಿಗೆ ಹಳೆಯ ಚರಿತ್ರೆಯಿದೆ. ಹೊಂಡುರಾಸಿನ ಕೋಪಾನ್ ಎಂಬಲ್ಲಿನ ಮಾಯಾ ನಿಲುಗಲ್ಲೊಂದರ ಮೇಲ್ತುದಿಯಲ್ಲಿ ಸೊಂಡಿಲು ಕಂಡ ಗ್ರಾಫ್ಟನ್ ಎಲಿಯಟ್ ಸ್ಮಿತ್, ಭಾರತದ ಆನೆಯೇ ಅಲ್ಲಿಗೆ ಹೋಗಿದೆಯೆಂದು 1924ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದು ಪಂಚವರ್ಣದ ಗಿಳಿಯ ಬಾಗಿದ ಕೊಕ್ಕು. ರಾಬರ್ಟ್ ಹೈನೆ-ಗೆಲ್ಡರ್ನ್ ಮತ್ತು ಗಾರ್ಡನ್ ಎಕ್‌ಹೋಮ್ ಅಮರಾವತಿಯ ಕಮಲದ ಬಳ್ಳಿಯನ್ನು ಮೆಕ್ಸಿಕೊದ ಚಿಚೆನ್ ಇಟ್ಸಾದ ಬಳ್ಳಿಯ ಪಕ್ಕದಲ್ಲಿಟ್ಟು 1949ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನವನ್ನೇ ಏರ್ಪಡಿಸಿದರು. ಇವರೆಲ್ಲ ಶ್ರದ್ಧಾವಂತ ವಿದ್ವಾಂಸರು. ಎಡವಿದ್ದು ವಿಧಾನದಲ್ಲಿ. ಶಿಲ್ಪದಿಂದ ಒಂದು ಆಕಾರವನ್ನು ಕತ್ತರಿಸಿ ತೆಗೆದು, ಬೇರೆ ಖಂಡದ ಶಿಲ್ಪದಿಂದ ಕತ್ತರಿಸಿದ ಇನ್ನೊಂದರ ಪಕ್ಕದಲ್ಲಿಟ್ಟರೆ ಯಾವುದು ಯಾವುದಕ್ಕೂ ಹೊಂದಿಕೊಳ್ಳುತ್ತದೆ.

ಹಾಗಾದರೆ ಮಾಯಾ, ಟಾಲ್ಟೆಕ್ ಶಿಲ್ಪಗಳಿಂದ ನಮಗೆ ಕಲಿಯುವುದೇನೂ ಇಲ್ಲವೇ? ಬೇಕಾದಷ್ಟಿದೆ ಎಂಬುದು ನನ್ನ ನಂಬಿಕೆ. ಆಕಾರವನ್ನು ಬದಿಗಿಟ್ಟು, ಎರಡೂ ಕಡೆಯ ಕಲ್ಲುಗಳಿಗೆ ಒಂದೇ ಪ್ರಶ್ನೆ ಕೇಳಬೇಕು. ಈ ಲೇಖನ ಕೇಳುವ ಪ್ರಶ್ನೆ ಇದು: ಕಲ್ಲಿನಲ್ಲಿ ಚೆಲ್ಲಿದ ನೆತ್ತರು ಯಾರದು, ಅದು ಯಾರಿಗೆ ಸಲ್ಲುತ್ತದೆ, ಅದಕ್ಕೆ ಪ್ರತಿಯಾಗಿ ಯಾರು ಏನು ಕೊಡುತ್ತಾರೆ? ಮಧ್ಯ ಅಮೆರಿಕದ ಶಿಲ್ಪಗಳ ಅಧ್ಯಯನದಲ್ಲಿ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ, ಅಲ್ಲಿ ನೆತ್ತರು ಅಷ್ಟು ಎದ್ದು ಕಾಣುತ್ತದೆ. ನಮ್ಮ ವೀರಗಲ್ಲುಗಳಿಗೆ ಇದೇ ಪ್ರಶ್ನೆ ಹಾಕಿದಾಗ ಸಿಗುವ ಉತ್ತರ ಬೇರೆಯೇ ಆಗಿದೆ.

ಮೊದಲು ಸೀಮೆಯ ವಿಚಾರ. ಶಾಸನಗಳ ಕುಡುಗುನಾಡು ಮತ್ತು ಎಣ್ಣೆನಾಡು ಸ್ಥೂಲವಾಗಿ ಇಂದಿನ ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳ ಪ್ರದೇಶ. ತೆರಕಣಾಂಬಿ ಇಲ್ಲಿನ ಹಳೆಯ ಅಧಿಕಾರ ಕೇಂದ್ರ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಉಮ್ಮತ್ತೂರಿನ ಪಾಳೆಯಗಾರರು, ಮೈಸೂರಿನ ಒಡೆಯರು ಒಬ್ಬರ ನಂತರ ಒಬ್ಬರು ಈ ನೆಲದ ಮೇಲೆ ಹಾದುಹೋಗಿದ್ದಾರೆ. ಅರಿಕುಠಾರವೆಂಬ ಊರು ಚಾಮರಾಜನಗರವಾದದ್ದು 1818ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರಿಗೆ ಅವರ ಹೆಸರಿಟ್ಟಾಗ. ಪಡುವಣಕ್ಕೆ ವಯನಾಡು, ತೆಂಕಣಕ್ಕೆ ನೀಲಗಿರಿ, ಮೂಡಣಕ್ಕೆ ಕೊಂಗುನಾಡು. ನಡುವೆ ದನ ಮೇಯಿಸುವ ಬಯಲು, ಸುತ್ತ ಕಾಡು. ಗಡಿ, ದನ, ಕಾಡು ಮೂರೂ ಕೂಡಿದ ಕಡೆ ವೀರಗಲ್ಲುಗಳು ಇರಲೇಬೇಕು. ಇವೆ. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳು ಮೊದಲ ಬಾರಿಗೆ ಒಟ್ಟಾಗಿ ಅಚ್ಚಾದವು. ಆದರೆ ಬರಹವಿಲ್ಲದ ಕಲ್ಲುಗಳು ಶಾಸನ ಸಂಪುಟಕ್ಕೆ ಸೇರುವುದಿಲ್ಲ. ನಮ್ಮ ಅಧ್ಯಯನ ಅಕ್ಷರದ ಕಡೆಗೆ ವಾಲಿರುವುದಕ್ಕೆ ಇದೂ ಒಂದು ಕಾರಣ.

ಈ ಸೀಮೆಯ ಹುಲಿಬೇಟೆಯ ಕಲ್ಲನ್ನು ಹತ್ತಿರದಿಂದ ನೋಡಬೇಕು. ಹುಲಿ ಹಿಂಗಾಲುಗಳ ಮೇಲೆ ಎದ್ದು ನಿಂತಿದೆ, ಎತ್ತರದಲ್ಲಿ ವೀರನಿಗೆ ಸರಿಸಮ. ಬಾಲ ಬೆನ್ನಿನ ಮೇಲಕ್ಕೆ ಸುರುಳಿಯಾಗಿ ಬಂದಿದೆ. ವೀರನ ಒಂದು ಕೈ ಮೃಗವನ್ನು ತಡೆದಿದೆ, ಇನ್ನೊಂದು ಕೈಯ ಬಾಕು ಅದರ ಬಾಯಿಗೋ ಹೊಟ್ಟೆಗೋ ಇಳಿದಿದೆ. ಕೆಲವು ಕಡೆ ಹಿಂದಿನಿಂದ ನಾಯಿಯೊಂದು ಹುಲಿಯನ್ನು ಕಚ್ಚಿ ಎಳೆಯುತ್ತದೆ. ಇಬ್ಬರ ಮುಖವೂ ಎದುರುಬದುರು, ನಡುವೆ ಗೇಣು ಜಾಗವಿಲ್ಲ. ಇಲ್ಲಿನ ಗಟ್ಟಿ ಕಣಶಿಲೆ ಸೂಕ್ಷ್ಮ ಕೆತ್ತನೆಗೆ ಸುಲಭವಾಗಿ ಬಗ್ಗುವುದಿಲ್ಲ. ಉಳಿಯ ಏಟಿಗೆ ಕಾಳುಕಾಳಾಗಿ ಸಿಡಿಯುತ್ತದೆ. ಹಾಗಾಗಿ ಹಳ್ಳಿಯ ಕಲ್ಲುಕುಟಿಗ ಆಭರಣ, ಬಟ್ಟೆಯ ನಿರಿಗೆಗಳ ಗೋಜಿಗೆ ಹೋಗದೆ ಹೊರಗೆರೆಯಲ್ಲೇ ಎಲ್ಲವನ್ನೂ ಹೇಳಿಬಿಡುತ್ತಾನೆ. ಇದನ್ನು ಒರಟು ಕೆಲಸವೆಂದು ತಳ್ಳಿಹಾಕುವ ಕಲಾವಿಮರ್ಶೆ ಕಲ್ಲಿನ ಸ್ವಭಾವವನ್ನು ಗಮನಿಸಿಲ್ಲ. ಮಾಯಾ ಶಿಲ್ಪಿಗೆ ಲೋಹದ ಉಳಿಯಿರಲಿಲ್ಲ, ಚಕಮಕಿ ಜಾತಿಯ ಕಲ್ಲಿನಿಂದಲೇ ಕೆತ್ತುತ್ತಿದ್ದ. ಆದರೆ ಅವನಿಗೆ ಒದಗಿದ ಸುಣ್ಣದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುವಂಥದು. ಬಟ್ಟೆಯ ನೇಯ್ಗೆಯ ವಿನ್ಯಾಸವನ್ನೂ ಅವನು ಬಿಡಿಸಬಲ್ಲವನಾಗಿದ್ದ.

ಮೇಲಿನ ಪಟ್ಟಿಕೆಗಳ ವ್ಯಾಕರಣ ಎಲ್ಲರಿಗೂ ಗೊತ್ತಿರುವುದೇ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಲಿಂಗ, ನಂದಿ, ಪೂಜಾರಿ, ತುದಿಯಲ್ಲಿ ಸೂರ್ಯಚಂದ್ರರು. ಓದು ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ತುರುಗೋಳ್ (ದನಗಳಿಗಾಗಿ ನಡೆದ ಕಾಳಗ), ಊರಳಿವು, ಹೆಣ್ಣುಮಕ್ಕಳ ಮಾನರಕ್ಷಣೆ, ಬೇಟೆ ಎಂದು ಕಲ್ಲುಗಳನ್ನು ವಿಂಗಡಿಸುವ ಕೆಲಸವನ್ನು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ಮತ್ತು ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' (1982) ಚೆನ್ನಾಗಿ ಮಾಡಿವೆ. ಅದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ.

ನನ್ನ ಗಮನವಿರುವುದು ಶಾಸನದ ಕೊನೆಯ ಸಾಲುಗಳ ಮೇಲೆ. ಸತ್ತವನ ಹೆಸರು, ಸತ್ತ ಬಗೆ ಹೇಳಿದ ಮೇಲೆ ಬಹಳ ಶಾಸನಗಳು ಒಂದು ದತ್ತಿಯ ವಿಷಯಕ್ಕೆ ಬರುತ್ತವೆ. ಇಷ್ಟು ಗದ್ದೆ, ಇಷ್ಟು ಹೊಲ, ಇಂಥ ಎಲ್ಲೆಯಲ್ಲಿ, ಇಂಥವರ ಸಾಕ್ಷಿಯಲ್ಲಿ. ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂದು ಅದಕ್ಕೆ ಹೆಸರುಗಳು. ನೆತ್ತರುಗೊಡಗೆ ಸತ್ತವನ ಮನೆಯವರಿಗೆ ಸಲ್ಲುವ ಭೂಮಿ. ಅಂದರೆ ಹರಿದ ನೆತ್ತರು ಆಕಾಶಕ್ಕೆ ಹೋಗಿ ಮುಗಿಯಲಿಲ್ಲ, ಊರಿನ ಮೇಲೆ ಋಣವಾಗಿ ನಿಂತಿತು, ಊರು ಅದನ್ನು ನೆಲದ ರೂಪದಲ್ಲಿ ತೀರಿಸಿತು. ಮೇಲಿನ ಪಟ್ಟಿಕೆಯ ಕೈಲಾಸ ಸತ್ತವನಿಗೆ, ಕೊನೆಯ ಸಾಲಿನ ಹೊಲ ಉಳಿದವರಿಗೆ. ಸೂರ್ಯಚಂದ್ರರ ಕೆತ್ತನೆಯೂ ಎರಡು ಕಡೆಗೆ ಸೇರುತ್ತದೆ: ಸ್ವರ್ಗದ ಗುರುತಾಗಿ ಮತ್ತು ದತ್ತಿ ಆಚಂದ್ರಾರ್ಕ ನಡೆಯಬೇಕೆಂಬ ಕರಾರಿನ ಸಾಕ್ಷಿಯಾಗಿ. ವೀರಗಲ್ಲು ಸ್ಮಾರಕ ಎನ್ನುವುದು ಅರ್ಧ ಸತ್ಯ. ಅದು ಹೊಲದ ದಾಖಲೆಯೂ ಹೌದು.

ಈ ಲೆಕ್ಕ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನೆರೆಯ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸಾಕ್ಷಿ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಅವನ ಒಡೆಯ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದು ಸತ್ತಾಗ ಅದಕ್ಕೂ ಕಲ್ಲು ನಿಂತಿತು, ಭೂಮಿಯೂ ಸಂದಿತು. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರೆದುರು ನಿಂತಿವೆ. ನಾಯಿಯ ನೆತ್ತರಿಗೂ ಋಣವುಂಟೆಂದು ಒಪ್ಪಿದ ಸಮಾಜ ಅದು.

ಈಗ ಮೆಕ್ಸಿಕೊದ ಚಿಯಾಪಾಸ್ ಪ್ರಾಂತದ ಯಾಶ್‌ಚಿಲಾನ್‌ಗೆ ಹೋಗೋಣ. ಉಸುಮಸಿಂಟಾ ನದಿಯ ದಂಡೆಯ ಈ ಮಾಯಾ ನಗರದ ಒಂದು ಕಟ್ಟಡದ ಬಾಗಿಲುಗಳ ಮೇಲಿದ್ದ ಸುಣ್ಣಕಲ್ಲಿನ ಉತ್ತರಾಂಗಗಳಲ್ಲಿ ಎರಡು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. 1880ರ ದಶಕದಲ್ಲಿ ಆಲ್ಫ್ರೆಡ್ ಮಾಡ್ಸ್ಲೆ ಅವನ್ನು ಅಲ್ಲಿಂದ ತೆಗೆಸಿದ್ದು. ಒಂದರಲ್ಲಿ ದೊರೆ ಇಟ್ಸಮ್ನಾಜ್ ಬಲಾಮ್ ಉರಿಯುವ ಪಂಜು ಹಿಡಿದು ನಿಂತಿದ್ದಾನೆ. ಅವನೆದುರು ಮಂಡಿಯೂರಿದ ರಾಣಿ ಕಬಲ್ ಶೋಕ್ ಮುಳ್ಳು ಕಟ್ಟಿದ ಹಗ್ಗವನ್ನು ತನ್ನ ನಾಲಿಗೆಯೊಳಗಿಂದ ಎಳೆಯುತ್ತಿದ್ದಾಳೆ. ನೆತ್ತರು ಕೆಳಗಿನ ಬುಟ್ಟಿಯಲ್ಲಿಟ್ಟ ತೊಗಟೆಯ ಹಾಳೆಗಳ ಮೇಲೆ ಬೀಳುತ್ತದೆ. ಕೆತ್ತಿರುವ ತೇದಿ ಕ್ರಿ.ಶ. 709ಕ್ಕೆ ಸರಿಹೊಂದುತ್ತದೆ, ನಮ್ಮ ಸೀಮೆಯಲ್ಲಿ ಅದು ಗಂಗರ ಒಂದನೆಯ ಶಿವಮಾರ ಆಳುತ್ತಿದ್ದ ಕಾಲ. ಪಕ್ಕದ ಬಾಗಿಲಿನ ಕಲ್ಲಿನಲ್ಲಿ ನೆತ್ತರು ನೆನೆದ ಹಾಳೆಯ ಬಟ್ಟಲಿನಿಂದ ದೊಡ್ಡ ಸರ್ಪವೊಂದು ಏಳುತ್ತದೆ, ಅದರ ಬಾಯಿಂದ ಆಯುಧಪಾಣಿಯಾದ ಯೋಧನೊಬ್ಬ ಹೊರಬರುತ್ತಾನೆ. ರಾಣಿ ತಲೆಯೆತ್ತಿ ನೋಡುತ್ತಾಳೆ.

ಇಲ್ಲಿಯೂ ಚಲನೆ ಕೆಳಗಿನಿಂದ ಮೇಲಕ್ಕೆ. ವೀರಗಲ್ಲಿನ ಅಪ್ಸರೆಯರನ್ನು ಈ ಸರ್ಪದ ಪಕ್ಕದಲ್ಲಿಟ್ಟು ಮತ್ತೊಂದು ಎಕ್‌ಹೋಮ್ ಪ್ರದರ್ಶನ ಮಾಡುವ ಆಸೆ ಹುಟ್ಟಬಹುದು. ಪ್ರಶ್ನೆ ಕೇಳಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಯಾಶ್‌ಚಿಲಾನ್‌ನಲ್ಲಿ ನೆತ್ತರು ಅರಮನೆಯದು. ಸಲ್ಲುವುದು ದೇವತೆಗಳಿಗೆ, ಪೂರ್ವಿಕರಿಗೆ. ಪ್ರತಿಯಾಗಿ ಬರುವುದು ದರ್ಶನ, ಆ ದರ್ಶನದಿಂದ ಸಿಂಹಾಸನಕ್ಕೆ ಬಲ. ಕೊಡುವವರೂ ಪಡೆಯುವವರೂ ಒಂದೇ ಮನೆತನದವರು. ಊರಿನ ಪ್ರಜೆ ಈ ಲೆಕ್ಕದೊಳಗೆ ಎಲ್ಲಿಯೂ ಕಾಣುವುದಿಲ್ಲ.

ಮಾಯಾ ನಿಲುಗಲ್ಲುಗಳ ಮೇಲಿನ ಮನುಷ್ಯರು ಯಾರೆಂಬುದೇ ಬಹುಕಾಲ ತಿಳಿದಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಎರಿಕ್ ಥಾಂಪ್ಸನ್ ಅವರಂಥ ಹಿರಿಯರ ಪ್ರಭಾವದಲ್ಲಿ, ಅವು ಕಾಲಗಣನೆಯ ಪುರೋಹಿತರ, ದೇವತೆಗಳ ಚಿತ್ರಗಳೆಂಬ ಅಭಿಪ್ರಾಯ ಬೇರೂರಿತ್ತು. ತತಿಯಾನಾ ಪ್ರೊಸ್ಕುರಿಯಾಕೋಫ್ 1960ರಲ್ಲಿ ಗ್ವಾಟೆಮಾಲಾದ ಪಿಯೆದ್ರಾಸ್ ನೆಗ್ರಾಸ್‌ನ ಕಲ್ಲುಗಳ ತೇದಿಗಳನ್ನು ಗುಂಪುಗುಂಪಾಗಿ ಜೋಡಿಸಿ ನೋಡಿದರು. ಪ್ರತಿ ಗುಂಪಿನ ಕಾಲಾವಧಿಯೂ ಒಬ್ಬ ಮನುಷ್ಯನ ಆಯುಸ್ಸಿಗೆ ಸರಿಯಾಗಿತ್ತು: ಹುಟ್ಟು, ಪಟ್ಟ, ಮುಂದಿನವನ ಪಟ್ಟ. ಲಿಪಿಯನ್ನು ಪೂರ್ತಿ ಓದಲಾಗದ ಕಾಲದಲ್ಲಿ ಬರಿಯ ತೇದಿಗಳ ಅಂತರದಿಂದ ಚರಿತ್ರೆಯನ್ನು ಹೊರತೆಗೆದ ಈ ಕೆಲಸವನ್ನು ನಾನು ಬಹಳ ಮೆಚ್ಚುತ್ತೇನೆ. ಯೂರಿ ಕ್ನೋರೊಜೊವ್ 1952ರಲ್ಲೇ ತೋರಿಸಿದ್ದ ಧ್ವನಿಲಿಪಿಯ ದಾರಿಯೂ ಸೇರಿ ಮುಂದೆ ಆ ದೊರೆಗಳ ಹೆಸರುಗಳೂ ಓದಲು ಸಿಕ್ಕವು. ಗ್ವಾಟೆಮಾಲಾದ ಕಿರಿಗುವಾದಲ್ಲಿ ಕ್ರಿ.ಶ. 771ರಲ್ಲಿ ನಿಂತ, ಹತ್ತು ಮೀಟರಿಗೂ ಮಿಕ್ಕ ಏಕಶಿಲೆಯಲ್ಲಿ ಇರುವವನು ದೇವರಲ್ಲ, ಆಗ ಬದುಕಿದ್ದ ದೊರೆ. ಮಾಯಾ ನಿಲುಗಲ್ಲು ಸಾಮಾನ್ಯವಾಗಿ ಒಂದು ಕಾಲಚಕ್ರ ಮುಗಿದುದನ್ನು ಸಾರುತ್ತದೆ, ಕಾಲವನ್ನು ನಡೆಸುವವನಾಗಿ ದೊರೆ ಅದರ ಮುಂದೆ ನಿಲ್ಲುತ್ತಾನೆ. ನಮ್ಮ ಕಲ್ಲಿನಲ್ಲಿ ದೊರೆ ಮೊದಲ ಸಾಲಿನಲ್ಲಿ ಬಂದುಹೋಗುತ್ತಾನೆ, ಇಂಥವನು ಪೃಥ್ವೀರಾಜ್ಯಂಗೆಯ್ಯುತ್ತಿದ್ದಾಗ ಎಂದು. ಚಿತ್ರದಲ್ಲಿ ನಿಲ್ಲುವವನು ದನಕ್ಕಾಗಿ ಸತ್ತ ಊರಿನ ಗೌಡನೋ ಆಳುಮಗನೋ.

ಟಾಲ್ಟೆಕ್ ಶಿಲ್ಪ ಇವೆರಡಕ್ಕೂ ಹೊರತಾದದ್ದು. ಮೆಕ್ಸಿಕೊದ ಹಿಡಾಲ್ಗೊ ಪ್ರಾಂತದ ತುಲಾ ನಗರ ಸುಮಾರು ಕ್ರಿ.ಶ. 900ರಿಂದ 1150ರವರೆಗೆ ಪ್ರಬಲವಾಗಿತ್ತು. ಅಲ್ಲಿನ ಪಿರಮಿಡ್ಡೊಂದರ ಮೇಲೆ ಕರಿಯ ಬಸಾಲ್ಟ್ ಕಲ್ಲಿನ ನಾಲ್ಕು ಯೋಧರು ನಿಂತಿದ್ದಾರೆ, ಒಬ್ಬೊಬ್ಬರೂ ನಾಲ್ಕೂವರೆ ಮೀಟರಿಗೂ ಎತ್ತರ. ಪ್ರತಿಯೊಂದೂ ನಾಲ್ಕು ತುಂಡುಗಳನ್ನು ಗೂಟ–ಗುಳಿಯಿಂದ ಒಂದರ ಮೇಲೊಂದು ಕೂರಿಸಿದ ಕಂಬ. ಎದೆಯ ಮೇಲೆ ಚಿಟ್ಟೆಯಾಕಾರದ ಪದಕ, ಕೈಯಲ್ಲಿ ಈಟಿ ಎಸೆಯುವ ಸಾಧನ. ಎಲ್ಲರ ಮುಖವೂ ಒಂದೇ ಅಚ್ಚು. ಒಂದು ಕಾಲದಲ್ಲಿ ಇವರು ಚಾವಣಿ ಹೊತ್ತಿದ್ದರು. ಅದೇ ಪಿರಮಿಡ್ಡಿನ ಗೋಡೆಯ ಪಟ್ಟಿಕೆಗಳಲ್ಲಿ ಜಾಗ್ವಾರ್‌ಗಳು ಸಾಲಾಗಿ ನಡೆಯುತ್ತವೆ, ಹದ್ದುಗಳು ಮನುಷ್ಯರ ಗುಂಡಿಗೆಯನ್ನು ಕೊಕ್ಕಿನಲ್ಲಿ ಹಿಡಿದಿವೆ. ಹತ್ತಿರದ ಗೋಡೆಯಲ್ಲಿ ಹಾವುಗಳು ಅಸ್ಥಿಪಂಜರಗಳನ್ನು ನುಂಗುತ್ತವೆ. ಹೊಟ್ಟೆಯ ಮೇಲೆ ಬಟ್ಟಲು ಹಿಡಿದು ಅರೆಮಲಗಿದ ಚಾಕ್‌ಮೂಲ್ ಮೂರ್ತಿ ಕಾಣಿಕೆಗಾಗಿ ಕಾಯುತ್ತದೆ. ಇಲ್ಲಿ ಯೋಧನಿಗೆ ಶಿಸ್ತಿದೆ, ಪದವಿಯಿದೆ, ಊರಿಲ್ಲ, ಮನೆಯಿಲ್ಲ. ಗುಂಡಿಗೆ ಯಾರದೆಂದು ಕಲ್ಲು ಹೇಳುವುದಿಲ್ಲ. ನೆತ್ತರು ಹದ್ದಿಗೆ, ಜಾಗ್ವಾರಿಗೆ, ಅವುಗಳ ಮೂಲಕ ಸೂರ್ಯನಿಗೆ ಆಹಾರ ಎಂಬುದು ಇಂಥ ಚಿತ್ರಗಳಿಗೆ ವಿದ್ವಾಂಸರು ಸಾಮಾನ್ಯವಾಗಿ ಕೊಡುವ ಅರ್ಥ. ಪ್ರತಿಫಲವೇನಿದ್ದರೂ ಅದು ಲೋಕಕ್ಕೆ, ಸತ್ತವನ ಮನೆಗಲ್ಲ.

ಜಾಗ್ವಾರ್ ಎಂದೊಡನೆ ನಮ್ಮ ಹುಲಿ ನೆನಪಾಗುತ್ತದೆ. ಚಿಚೆನ್ ಇಟ್ಸಾದ ದೊಡ್ಡ ಪಿರಮಿಡ್ಡಿನ ಒಳಗುಡಿಯಲ್ಲಿ ಕೆಂಪು ಬಳಿದು, ಹಸಿರು ಜೇಡ್ ಕಲ್ಲಿನ ಚುಕ್ಕೆ ಕೂರಿಸಿದ ಜಾಗ್ವಾರ್ ಪೀಠ ಸಿಕ್ಕಿದೆ. ಅಲ್ಲಿ ಆ ಮೃಗ ಅಧಿಕಾರದ ಆಸನ. ಚಾಮರಾಜನಗರ ಜಿಲ್ಲೆಯಲ್ಲಿ ಹುಲಿಗೆ ಒಂದಕ್ಕಿಂತ ಹೆಚ್ಚು ಪಾತ್ರಗಳಿವೆ. ವೀರಗಲ್ಲಿನಲ್ಲಿ ಅದು ಎದುರಾಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿವೀರಪ್ಪ, ಪೂಜೆಗೆ ಸಲ್ಲುವವನು. ಮಲೆಮಹದೇಶ್ವರನಿಗೆ ವಾಹನ. ಕಂಸಾಳೆಯವರು, ದೇವರಗುಡ್ಡರು ಹಾಡುವ ಮಾದಪ್ಪ ಹುಲಿಯನ್ನು ಕೊಲ್ಲುವುದಿಲ್ಲ, ಏರಿ ಹೊರಡುತ್ತಾನೆ. ಮೂರೂ ಕಡೆ ಹುಲಿ ಅರಮನೆಯ ಸೊತ್ತಾಗಿಲ್ಲ ಎಂಬುದನ್ನು ಗಮನಿಸಬೇಕು. ಹುಲಿಬೇಟೆಯ ಕಲ್ಲಿನಲ್ಲಿ ಅದನ್ನು ಮನುಷ್ಯನಷ್ಟೇ ಎತ್ತರಕ್ಕೆ ನಿಲ್ಲಿಸಿರುವುದರ ಹಿಂದೆ ಈ ಗೌರವವೂ ಇದೆಯೆಂದು ನನಗೆ ತೋರುತ್ತದೆ.

ನೆತ್ತರು ಮತ್ತು ನೆಲದ ಸಂಬಂಧಕ್ಕೆ ಈ ಸೀಮೆಯಲ್ಲೇ ಇನ್ನೊಂದು ಶಿಲ್ಪಸಾಕ್ಷ್ಯವಿದೆ. ಚಾಮರಾಜನಗರ ತಾಲ್ಲೂಕಿನ ನರಸಮಂಗಲದ ರಾಮೇಶ್ವರ ದೇವಾಲಯ ಗಂಗರ ಕಾಲದ್ದು. ಅದರ ಶಿಖರದ ಗಾರೆ ಮೂರ್ತಿಗಳಿಗೆ ಕರ್ನಾಟಕದಲ್ಲಿ ಸಾಟಿ ಅಪರೂಪ. ಅಲ್ಲಿನ ಸಪ್ತಮಾತೃಕೆಯರು ಹೆಚ್ಚುಕಡಿಮೆ ಆಳೆತ್ತರದ ಗುಂಡುಶಿಲ್ಪಗಳು. ಅವರ ಸಾಲಿನ ಚಾಮುಂಡೆಯ ಕಥೆ ಎಲ್ಲರಿಗೂ ಗೊತ್ತು. ರಕ್ತಬೀಜಾಸುರನ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಹೊಸ ಅಸುರ ಏಳುತ್ತಿದ್ದ, ದೇವಿ ಹನಿ ನೆಲ ಮುಟ್ಟದಂತೆ ಕುಡಿದಳು. ಪುರಾಣದ ಕಲ್ಲಿನಲ್ಲಿ ನೆತ್ತರು ನೆಲ ಸೇರಬಾರದು. ಹೊಲದ ಬದುವಿನ ಕಲ್ಲಿನಲ್ಲಿ ನೆತ್ತರು ನೆಲವಾಗಿಯೇ ಮನೆಯವರ ಕೈ ಸೇರಬೇಕು. ಒಂದೇ ಸೀಮೆಯ ಈ ಎರಡು ನಡೆಗಳನ್ನು ನಮ್ಮ ಶಿಲ್ಪಾಧ್ಯಯನ ಜೊತೆಗಿಟ್ಟು ನೋಡಿದ್ದು ಕಡಿಮೆ. ದೇವಾಲಯ ಶಿಲ್ಪ ಒಬ್ಬರ ಪಾಲು, ವೀರಗಲ್ಲು ಇನ್ನೊಬ್ಬರ ಪಾಲು ಎಂದು ಹಂಚಿಕೊಂಡುಬಿಟ್ಟಿದ್ದೇವೆ.

ಇಷ್ಟು ಹೇಳಿದ ಮೇಲೆ, ನನ್ನ ವಾದಕ್ಕೆ ಒಗ್ಗದ ಕಲ್ಲುಗಳನ್ನು ಮುಚ್ಚಿಡಬಾರದು. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಗಂಗ ನೀತಿಮಾರ್ಗ ಮಂಚದ ಮೇಲೆ ಪ್ರಾಣಬಿಡುತ್ತಿದ್ದಾನೆ, ಬಳಿಯಲ್ಲಿ ಸೇವಕ ಅಗರಯ್ಯನಿದ್ದಾನೆ. ಒಡೆಯನೊಂದಿಗೆ ಸಾಯುವ ಕೀಳ್ಗುಂಟೆಯ ಕಲ್ಲು ಅದು. ಹಳೇಬೀಡಿನ ಗರುಡಗಂಬದಲ್ಲಿ ಹೊಯ್ಸಳ ದೊರೆಯ ನಿಷ್ಠ ಸೇನಾನಿ ಕುವರ ಲಕ್ಷ್ಮನ ಪರಿವಾರದವರು ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಾರೆ. ಇಲ್ಲಿ ನೆತ್ತರು ಊರಿಗಾಗಿ ಹರಿಯಲಿಲ್ಲ, ದೊರೆಗಾಗಿ ಹರಿಯಿತು. ಯಾಶ್‌ಚಿಲಾನ್‌ನ ಅರಮನೆಗೆ ನಮ್ಮಲ್ಲಿ ಅತಿ ಸಮೀಪವಾದ ನಡೆ ಇದೇ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನವಂತೂ ಎದೆ ಕಲಕುವಂಥದು. ಗಂಡ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾದ ಸುದ್ದಿ ಕೇಳಿ ದೇಕಬ್ಬೆ, ಹೆತ್ತವರು ತಡೆದರೂ ಕೇಳದೆ ಬೆಂಕಿಗೆ ಹೋದಳು. ಕಬಲ್ ಶೋಕಳ ಗಾಯ ಮಾಯಿತು, ಅವಳು ಮುಂದೆಯೂ ದಶಕಗಳ ಕಾಲ ಬದುಕಿದ್ದಳು. ದೇಕಬ್ಬೆಗೆ ಉಳಿದದ್ದು ಕಾವ್ಯಗುಣದ ಒಂದು ಶಾಸನ. ಊರೂರಿನ ಮಾಸ್ತಿಗಲ್ಲುಗಳಲ್ಲಿ ಕಂಬದಿಂದ ಚಾಚಿ ಮೇಲೆತ್ತಿದ ಬಳೆ ತೊಟ್ಟ ತೋಳು ಹರಸುವ ಮುದ್ರೆಯಲ್ಲಿದೆ. ವೀರನ ಸಾವಿನಿಂದ ಮನೆಗೆ ಹೊಲ ಬಂದರೆ, ಅದನ್ನು ಉಳಬೇಕಾದ ಮನೆಯಿಂದ ಅವನ ಹೆಂಡತಿಯನ್ನೇ ಕಳೆಯುವ ಈ ಮಾಸ್ತಿಗಲ್ಲನ್ನು ವೀರಗಲ್ಲಿನ ಜೋಡಿಯೆಂದು ಕೊಂಡಾಡುವುದು ನನಗೆ ಒಪ್ಪಿತವಲ್ಲ.

ಹಳೆಯ ಕಲ್ಲುಗಳಿಗೆ ಅರ್ಥ ಕೊಡುವ ಕೆಲಸವನ್ನು ವಿದ್ವಾಂಸರಷ್ಟೇ ಮಾಡುತ್ತಿಲ್ಲ. ಯಾಶ್‌ಚಿಲಾನ್‌ನ ಒಂದು ಗುಡಿಯಲ್ಲಿ ದೊರೆ ಪಕ್ಷಿ ಜಾಗ್ವಾರನ ತಲೆಯಿಲ್ಲದ ಮೂರ್ತಿಯಿದೆ. ಸುತ್ತಿನ ಕಾಡಿನ ಲಕಂದೋನ್ ಜನ ಅಲ್ಲಿ ಧೂಪ ಹಾಕುತ್ತ ಬಂದವರು. ಆ ತಲೆ ಮತ್ತೆ ಮುಂಡಕ್ಕೆ ಸೇರಿದ ದಿನ ಲೋಕ ಮುಗಿಯುತ್ತದೆಂದು ಅವರ ನಂಬಿಕೆ. ನಮ್ಮಲ್ಲಿಯೂ ವೀರಗಲ್ಲುಗಳು ದೇವರಾಗಿವೆ. ಎಣ್ಣೆ, ಕುಂಕುಮ ಹಚ್ಚಿ ಕಣ್ಣು ಅಂಟಿಸಿದ ಕಲ್ಲಿನ ಕೆಳಗೆ ಅಕ್ಷರ ಮುಚ್ಚಿಹೋಗಿರಬಹುದು. ಶಾಸನ ಓದುವವನಿಗೆ ಇದು ತೊಡಕು. ಆದರೆ ಆ ಪೂಜೆ ಇಲ್ಲದಿದ್ದರೆ ಎಷ್ಟೋ ಕಲ್ಲುಗಳು ಚಪ್ಪಡಿಯಾಗಿ ಮೋರಿ ಸೇರುತ್ತಿದ್ದವು.

ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೆ ಸಮಾಧಿಗಲ್ಲಾಗಿಯೂ ಹೋಗುತ್ತದೆ. ಅಲ್ಲಿ ಸತ್ತವರ ಹೆಸರನ್ನು ಇಲ್ಲಿನ ಕಲ್ಲು ಹಿಡಿದಿಡುತ್ತಿರುವಾಗ ಇಲ್ಲಿಯವರ ಕಲ್ಲುಗಳ ಲೆಕ್ಕ ಇನ್ನೂ ಪೂರ್ತಿಯಾಗಿಲ್ಲ ಎಂಬುದು ನೋವಿನ ಸಂಗತಿ. ರಸ್ತೆ ಅಗಲಮಾಡುವಾಗ, ಕೆರೆ ಏರಿ ಸರಿಮಾಡುವಾಗ ಕಲ್ಲುಗಳನ್ನು ಎತ್ತಿ ಗುಡಿಯ ಅಂಗಳದಲ್ಲಿ ಸಾಲಾಗಿ ನೆಡುತ್ತಾರೆ. ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ. ಆದರೆ ನೆತ್ತರುಗೊಡಗೆಯ ಹೊಲ ಯಾವುದು, ದನ ಹೋದ ದಾರಿ ಯಾವ ಕಡೆ, ನಾಡಿನ ಎಲ್ಲೆ ಎಲ್ಲಿತ್ತು ಎಂಬುದಕ್ಕೆ ಕಲ್ಲು ನಿಂತ ಜಾಗವೇ ಸಾಕ್ಷಿ. ಯಾಶ್‌ಚಿಲಾನ್‌ನ ಉತ್ತರಾಂಗಗಳನ್ನು ಬಾಗಿಲು ದಾಟುವವರು ತಲೆಯೆತ್ತಿ ನೋಡಬೇಕಿತ್ತು. ಲಂಡನ್ನಿನ ಗೋಡೆಯಲ್ಲಿ ಅವು ಕಣ್ಣಿನ ನೇರಕ್ಕೆ ನಿಂತಿವೆ. ಅವು ಯಾವ ಬಾಗಿಲಿನವೆಂಬ ದಾಖಲೆಯಾದರೂ ಅಲ್ಲಿದೆ. ಕುಡುಗುನಾಡಿನ, ಎಣ್ಣೆನಾಡಿನ ಪ್ರತಿಯೊಂದು ಕಲ್ಲಿಗೂ, ಬರಹವಿರಲಿ ಇಲ್ಲದಿರಲಿ, ಸರ್ವೆ ನಂಬರು, ಮುಖ ಮಾಡಿದ ದಿಕ್ಕು, ಹತ್ತಿರದ ಕೆರೆ–ಕಾಲುದಾರಿ, ಆ ಹೊಲಕ್ಕೆ ಊರಿನವರು ಕರೆಯುವ ಹೆಸರು ಇಷ್ಟನ್ನು ಎತ್ತುವ ಮೊದಲೇ ಬರೆದಿಡುವ ಕೆಲಸ ಈ ಎರಡು ತಾಲ್ಲೂಕುಗಳಿಂದಲೇ ಶುರುವಾಗಬಹುದು.